ಪೈಪ್ ಅಂಗಡಿಯ ಲೆಡ್ಜರ್ ರಿಪೇರಿ: ಜರ್ನಲ್ ಎಂಟ್ರಿ ಬಿಚ್ಚಿ ತೋರಿಸುವ ಕೆಲಸ

ಗ್ನೂಕ್ಯಾಶ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವುದಾದರೂ ಪಾರ್ಟಿಯ, ಅಂದರೆ ಗಿರಾಕಿಯ, ಖಾತೆ ತೆರೆದು ನೋಡಿ. ಎಂಟ್ರಿಯಲ್ಲಿ ಎರಡೇ ಸಾಲಿದ್ದರೆ ಎದುರು ಖಾತೆಯ ಹೆಸರು ಸರಿಯಾಗಿ ಕಾಣುತ್ತದೆ. ನಗದು, ಬ್ಯಾಂಕ್, ಹೀಗೆ. ಮೂರನೇ ಸಾಲು ಸೇರಿತೋ, ಆ ಜಾಗದಲ್ಲಿ ‘ಸ್ಪ್ಲಿಟ್ ಟ್ರಾನ್ಸಾಕ್ಷನ್’ ಅಂತ ಬಂದು ಕೂರುತ್ತದೆ. ಟ್ಯಾಲಿಯಲ್ಲಾದರೆ ‘ಆ್ಯಸ್ ಪರ್ ಡೀಟೇಲ್ಸ್’. ಕಂಪ್ಯೂಟರ್ ಮುಂದೆ ಕೂತವರಿಗೆ ಇದು ದೊಡ್ಡ ತೊಂದರೆಯಲ್ಲ. ಗ್ನೂಕ್ಯಾಶ್‌ನಲ್ಲಿ ಸ್ಪ್ಲಿಟ್ ಬಟನ್ ಇದೆ, ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಎಫ್5 ಇದೆ. ಒತ್ತಿದರೆ ಒಳಗಿನ ಸಾಲುಗಳು ಹೊರಗೆ ಬರುತ್ತವೆ. ಪಾರ್ಟಿ ಕೈಗೆ ಕೊಡುವ ಪ್ರಿಂಟಿನಲ್ಲಿ ಒತ್ತೋಕೆ ಏನೂ ಇರಲ್ಲ.

ಅಂಗಡಿ ಇರುವುದು ತುಮಕೂರಿನ ಮಂಡಿಪೇಟೆಯಲ್ಲಿ. ನನ್ನ ಸೋದರಮಾವನದು. ಪಿವಿಸಿ ಪೈಪ್, ಡ್ರಿಪ್ ಸಾಮಾನು, ಮೋಟರ್, ಸ್ಟಾರ್ಟರ್ ಮಾರುತ್ತಾರೆ. ಗಿರಾಕಿಗಳಲ್ಲಿ ಜಾಸ್ತಿ ಜನ ಗೂಳೂರು, ಹೆಬ್ಬೂರು, ಗುಬ್ಬಿ ಕಡೆಯ ತೋಟದವರು. ಅಡಿಕೆಯೋ ಕೊಬ್ಬರಿಯೋ ಮಾರಿದ ಮೇಲೆ ದುಡ್ಡು ಕೊಡುತ್ತಾರೆ, ಅಲ್ಲಿವರೆಗೆ ಉದ್ರಿ. ಹಾಗಾಗಿ ಇಲ್ಲಿ ಪಾರ್ಟಿ ಖಾತೆಯ ಪ್ರಿಂಟಿಗೆ ಬಿಲ್ಲಿಗಿಂತ ಬೆಲೆ ಜಾಸ್ತಿ. ಅದನ್ನು ಹಿಡಿದುಕೊಂಡೇ ಜನ ದುಡ್ಡು ಕೊಡೋಕೆ ಬರುತ್ತಾರೆ.

ಅಂಗಡಿಯ ಲೆಕ್ಕ ಇರುವುದು ಗ್ನೂಕ್ಯಾಶ್‌ನಲ್ಲಿ. ಪ್ರಿಂಟ್ ಹೀಗೆ ಬರುತ್ತಿತ್ತು. ಮೊತ್ತ, ದಿನಾಂಕ ಬದಲಾಯಿಸಿದ್ದೇನೆ, ಆಕಾರ ಅದೇ.

ದಿನಾಂಕ | ವಿವರ | ಎದುರು ಖಾತೆ | ಡೆಬಿಟ್ | ಕ್ರೆಡಿಟ್ | ಬಾಕಿ
03-02-2025 | ಬಿಲ್ | ಸ್ಪ್ಲಿಟ್ ಟ್ರಾನ್ಸಾಕ್ಷನ್ | 35,400 | – | 35,400
11-02-2025 | ಜರ್ನಲ್ | ಸ್ಪ್ಲಿಟ್ ಟ್ರಾನ್ಸಾಕ್ಷನ್ | – | 9,440 | 25,960
20-02-2025 | ಜಮಾ | ಬ್ಯಾಂಕ್ | – | 15,000 | 10,960

ಇದನ್ನು ನೋಡಿದ ಗೂಳೂರಿನ ಯಜಮಾನರೊಬ್ಬರು ಕೇಳಿದ್ದು ಇಷ್ಟೇ: “ಸಾವ್ಕಾರ್ರೆ, ಹನ್ನೊಂದನೇ ತಾರೀಕು ನಾನು ನಿಮಗೆ ದುಡ್ಡೇ ಕೊಟ್ಟಿಲ್ಲವಲ್ಲ, ಒಂಬತ್ತು ಸಾವಿರದ ಚಿಲ್ಲರೆ ಯಾಕೆ ಕಳೆದಿದ್ದೀರಿ?” ಅವತ್ತು ಅವರು ಉಳಿದ ಪೈಪ್ ವಾಪಸ್ ತಂದಿದ್ದರು, ಅಂಗಡಿಯಿಂದ ಕ್ರೆಡಿಟ್ ನೋಟ್ (ಬಾಕಿಯಿಂದ ಕಳೆಯುವ ಚೀಟಿ) ಬರೆದಿದ್ದರು. ಎಂಟ್ರಿಯಲ್ಲಿ ಎಲ್ಲಾ ಇದೆ. ಪ್ರಿಂಟಿನಲ್ಲಿ ಏನೂ ಇಲ್ಲ. ಮಾವ ನನ್ನ ಕಡೆ ತಿರುಗಿ, “ಏನೋ, ನಿನ್ನ ಕಂಪ್ಯೂಟರ್ ಹೇಳೋದು ನಂಗೇ ಅರ್ಥ ಆಗಲ್ಲ, ಅವರಿಗೆ ಹೇಗೋ ಆಗ್ಬೇಕು?” ಅಂದರು. ನ್ಯಾಯವಾದ ಮಾತು.

ಗ್ನೂಕ್ಯಾಶ್‌ನಲ್ಲಿ ಮೂರು ನೋಟಗಳಿವೆ. ಬೇಸಿಕ್ ಲೆಡ್ಜರ್‌ನಲ್ಲಿ ಒಂದು ಎಂಟ್ರಿಗೆ ಒಂದು ಸಾಲು. ಆಟೋ ಸ್ಪ್ಲಿಟ್ ಲೆಡ್ಜರ್‌ನಲ್ಲಿ ಕರ್ಸರ್ ಇರುವ ಎಂಟ್ರಿ ಮಾತ್ರ ಬಿಚ್ಚಿಕೊಳ್ಳುತ್ತದೆ. ಟ್ರಾನ್ಸಾಕ್ಷನ್ ಜರ್ನಲ್‌ನಲ್ಲಿ ಎಲ್ಲಾ ಎಂಟ್ರಿಯೂ ಬಿಚ್ಚಿರುತ್ತದೆ. ಮೂರನೆಯದನ್ನೇ ಪ್ರಿಂಟ್ ತೆಗೆದು ಕೊಟ್ಟರೆ ಆಯ್ತಲ್ಲ ಅಂತ ಮೊದಲು ಅನ್ನಿಸುತ್ತದೆ. ಆಗಲ್ಲ. ಅದರಲ್ಲಿ ಪಾರ್ಟಿಯ ಸ್ವಂತ ಸಾಲೂ ಎದುರು ಸಾಲುಗಳೂ ಕಲಸಿಕೊಂಡು ನಿಲ್ಲುತ್ತವೆ. ಲೆಕ್ಕ ಓದಿದವರಿಗೆ ಸರಿ. ತೋಟದವರಿಗೆ ಒಂದೇ ಮೊತ್ತ ಎರಡು ಸಲ ಬರೆದ ಹಾಗೆ ಕಾಣುತ್ತದೆ. ಅದಕ್ಕೇ ಪ್ರಿಂಟನ್ನು ನಾವೇ ಮಾಡಿಕೊಳ್ಳೋಣ ಅಂತ ಹೊರಟಿದ್ದು.

ಡೇಟಾ ಹೊರಗೆ ತೆಗೆಯುವುದು

ಗ್ನೂಕ್ಯಾಶ್ ತನ್ನ ಪುಸ್ತಕವನ್ನು ಸಾಮಾನ್ಯವಾಗಿ ಎಕ್ಸ್‌ಎಂಎಲ್ ಫೈಲಾಗಿ ಇಡುತ್ತದೆ. ‘ಸೇವ್ ಆ್ಯಸ್’ ಕೊಟ್ಟು ಎಸ್‌ಕ್ಯೂಲೈಟ್3 ಆರಿಸಿದರೆ ಅದೇ ಪುಸ್ತಕ ಡೇಟಾಬೇಸ್ ಆಗುತ್ತದೆ. ಅದರ ನಕಲು ಮಾಡಿಕೊಂಡು, ನಕಲನ್ನು ಓದುವುದಕ್ಕೆ ಮಾತ್ರ ತೆರೆದು, ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂನಿಂದ ಓದಿದ್ದು. ಮೂಲ ಫೈಲಿಗೆ ಹೊರಗಿನಿಂದ ಒಂದಕ್ಷರವನ್ನೂ ಬರೆಯಬೇಡಿ. ಲೆಕ್ಕ ಸರಿಯಿದೆಯೇ ಅಂತ ನೋಡುವ ಗ್ನೂಕ್ಯಾಶ್‌ನ ಕಾವಲು ಅಲ್ಲಿ ಇರಲ್ಲ.

ನಮಗೆ ಬೇಕಾದ ಟೇಬಲ್‌ಗಳು ನಾಲ್ಕೇ. ‘ಅಕೌಂಟ್ಸ್’ ಒಳಗೆ ಖಾತೆಗಳು, ಪ್ರತಿಯೊಂದಕ್ಕೂ ತಾಯಿ ಖಾತೆಯ ಗುರುತು. ‘ಟ್ರಾನ್ಸಾಕ್ಷನ್ಸ್’ ಒಳಗೆ ಎಂಟ್ರಿಯ ತಲೆಬರಹ: ದಿನಾಂಕ, ನಂಬರ್, ವಿವರ. ‘ಸ್ಪ್ಲಿಟ್ಸ್’ ಒಳಗೆ ಎಂಟ್ರಿಯ ಸಾಲುಗಳು: ಯಾವ ಎಂಟ್ರಿ, ಯಾವ ಖಾತೆ, ಎಷ್ಟು ಮೊತ್ತ, ಒಂದು ಮೆಮೊ. ನಾಲ್ಕನೆಯದು ‘ಸ್ಲಾಟ್ಸ್’. ಎಂಟ್ರಿಗೆ ಬರೆದ ನೋಟ್ಸ್ ಅಲ್ಲಿ ಅಡಗಿರುತ್ತದೆ. ಅಂಗಡಿಯಲ್ಲಿ ಎಂಟ್ರಿ ಹಾಕುವ ಹುಡುಗಿ ಪಾಪ ಪ್ರತಿ ಜರ್ನಲ್‌ಗೂ ‘ಉಳಿದ ಪೈಪ್ ವಾಪಸ್’ ಅಂತ ನೋಟ್ಸ್‌ನಲ್ಲಿ ಬರೆಯುತ್ತಿದ್ದಳು. ‘ಡಬಲ್ ಲೈನ್’ ನೋಟ ಆನ್ ಮಾಡದಿದ್ದರೆ ಅದು ರಿಜಿಸ್ಟರ್‌ನಲ್ಲಿ ಕಾಣುವುದೇ ಇಲ್ಲ. ನಮ್ಮ ಪ್ರಿಂಟಿನಲ್ಲಿ ವಿವರದ ಕೆಳಗೆ ಮೊದಲು ಬಂದದ್ದೇ ಅವಳ ಆ ನೋಟ್ಸ್.

ಮೊತ್ತ ನೇರವಾಗಿ ರೂಪಾಯಿಯಲ್ಲಿ ಇರುವುದಿಲ್ಲ. ಭಿನ್ನರಾಶಿಯಾಗಿ, ಅಂಶ ಒಂದು ಕಾಲಂ, ಛೇದ ಇನ್ನೊಂದು ಕಾಲಂ. 9,440 ರೂಪಾಯಿ ಕ್ರೆಡಿಟ್ ಅಂದರೆ ಅಂಶದಲ್ಲಿ ಮೈನಸ್ 944000, ಛೇದದಲ್ಲಿ 100. ಡೆಬಿಟ್ ಪ್ಲಸ್, ಕ್ರೆಡಿಟ್ ಮೈನಸ್. ಒಂದು ಎಂಟ್ರಿಯ ಸಾಲುಗಳನ್ನೆಲ್ಲಾ ಕೂಡಿದರೆ ಸೊನ್ನೆ ಬರಬೇಕು. ಈ ವ್ಯವಸ್ಥೆ ನನಗೆ ಇಷ್ಟವಾಯಿತು. ಪೈಸೆ ಲೆಕ್ಕದಲ್ಲೇ ಪೂರ್ಣಾಂಕವಾಗಿ ಕೂಡಿ, ಪ್ರಿಂಟ್ ಮಾಡುವಾಗ ಮಾತ್ರ ರೂಪಾಯಿ ಮಾಡಿದರೆ ದಶಮಾಂಶದ ಕಿರಿಕಿರಿ ಹತ್ತಿರಕ್ಕೂ ಬರಲ್ಲ.

ದಿನಾಂಕದ ಜಾಗದಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಕಾಲಿಡಬೇಕು. ಗ್ನೂಕ್ಯಾಶ್ ಎಂಟ್ರಿಯ ದಿನಾಂಕದ ಜೊತೆ ಒಂದು ಸಮಯವನ್ನೂ ಇಡುತ್ತದೆ: 2025-03-31 10:59:00. ಇದು ಯುಟಿಸಿ, ಅಂದರೆ ಜಗತ್ತಿಗೆಲ್ಲಾ ಒಂದೇ ಆದ ಮಾನಕ ಸಮಯ. ಭೂಮಿಯ ಹೆಚ್ಚುಕಮ್ಮಿ ಎಲ್ಲಾ ಕಡೆ ತಾರೀಕು ಬದಲಾಗದೆ ಉಳಿಯಲಿ ಅಂತ ಆರಿಸಿದ್ದು. ‘31 ಮಾರ್ಚ್‌ವರೆಗೆ’ ಅಂತ ಕೇಳಿ, ಸುಮ್ನೆ 2025-03-31ರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ 31ನೇ ತಾರೀಕಿನ ಎಂಟ್ರಿಗಳೆಲ್ಲಾ ಹೊರಗುಳಿಯುತ್ತವೆ. ಬಾಲದಲ್ಲಿ ಸಮಯ ಇರುವುದರಿಂದ ಅವು ‘ದೊಡ್ಡವು’. ವರ್ಷದ ಕೊನೆಯ ಜರ್ನಲ್‌ಗಳೆಲ್ಲಾ ಬೀಳುವುದು ಅದೇ ದಿನ ಅಲ್ವಾ? ಮೊದಲ ಹತ್ತು ಅಕ್ಷರ ಮಾತ್ರ ಕತ್ತರಿಸಿಕೊಂಡು ಹೋಲಿಸಿದರೆ ಸಾಕು.

ಎದುರು ಖಾತೆ ಯಾವುದು?

ಇಡೀ ಕೆಲಸದಲ್ಲಿ ತಲೆ ತಿಂದದ್ದು ಈ ಪ್ರಶ್ನೆ. ‘ಸ್ಪ್ಲಿಟ್ ಟ್ರಾನ್ಸಾಕ್ಷನ್’ ಅಂತ ಬರೆಯುವ ಸಾಫ್ಟ್‌ವೇರ್ ಸೋಮಾರಿ ಅಂತ ನಾನು ಅಂದುಕೊಂಡಿರಲಿಲ್ಲ, ಆದರೂ ಅದಕ್ಕೆ ಇಷ್ಟು ಗಟ್ಟಿ ಕಾರಣ ಇದೆ ಅಂತ ಎಂಟ್ರಿಗಳನ್ನು ಹರಡಿಕೊಂಡು ಕೂತಾಗಲೇ ಕಂಡದ್ದು. ಜರ್ನಲ್ ಎಂಟ್ರಿಯಲ್ಲಿ ಡೆಬಿಟ್ಟಿನ ಮೊತ್ತ ಕ್ರೆಡಿಟ್ಟಿನ ಮೊತ್ತಕ್ಕೆ ಸಮ ಅನ್ನುವುದಷ್ಟೇ ದಾಖಲಾಗಿರುತ್ತದೆ. ಯಾವ ಡೆಬಿಟ್ ಯಾವ ಕ್ರೆಡಿಟ್ಟಿಗೆ ಜೋಡಿ ಅನ್ನುವುದು ಎಲ್ಲೂ ಬರೆದಿರುವುದಿಲ್ಲ.

ಕೈಬರಹದ ಕಾಲದಲ್ಲೂ ಇದೇ ಕಥೆ. ಎದುರಿಗೆ ಮೂರ್ನಾಲ್ಕು ಖಾತೆ ಇದ್ದರೆ ಗುಮಾಸ್ತರು ಲೆಡ್ಜರ್‌ನಲ್ಲಿ ‘ಟು ಸಂಡ್ರೀಸ್’ ಅಂತ ಬರೆದು, ಪಕ್ಕದ ಫೋಲಿಯೊ ಕಾಲಂನಲ್ಲಿ ಜರ್ನಲ್ ಪುಟದ ನಂಬರ್ ಹಾಕುತ್ತಿದ್ದರು. ಬೇಕಾದವರು ಆ ಪುಟ ತೆಗೆದು ನೋಡುತ್ತಿದ್ದರು. ಈಗ ಆ ಫೋಲಿಯೊ ಕಾಲಂ ಮಾಯವಾಗಿ ‘ಸಂಡ್ರೀಸ್’ ಮಾತ್ರ ಉಳಿದಿದೆ.

ಹಾಗಂತ ಎಲ್ಲಾ ಎಂಟ್ರಿಯೂ ಗೊಂದಲದ್ದಲ್ಲ. ಬರೆದು ನೋಡಿದರೆ ಮೂರು ಥರ ಸಿಗುತ್ತವೆ.

ಮೊದಲನೆಯದು, ಈ ಖಾತೆ ತನ್ನ ಕಡೆ ಒಂಟಿ, ಎದುರು ಕಡೆ ಹಲವು. ಪೈಪ್ ವಾಪಸ್ ಬಂದ ಎಂಟ್ರಿ ಇದೇ ಜಾತಿ. ಮಾರಾಟ ವಾಪಸ್ 8,000 ಡೆಬಿಟ್, ಸಿಜಿಎಸ್‌ಟಿ (ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು) 720 ಡೆಬಿಟ್, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 720 ಡೆಬಿಟ್, ಪಾರ್ಟಿ 9,440 ಕ್ರೆಡಿಟ್. ಪಾರ್ಟಿ ಖಾತೆಯಿಂದ ನೋಡಿದರೆ ಎದುರಿನ ಮೂರೂ ಸಾಲು ಕೂಡಿ ಕರೆಕ್ಟಾಗಿ 9,440. ಹೆಸರು, ಮೊತ್ತ ಎರಡನ್ನೂ ಧೈರ್ಯವಾಗಿ ಕೆಳಗೆ ಬರೆಯಬಹುದು.

ಎರಡನೆಯದು, ತನ್ನ ಕಡೆ ಹಲವರು, ಎದುರು ಒಂದೇ. ಅದೇ ಎಂಟ್ರಿಯನ್ನು ‘ಮಾರಾಟ ವಾಪಸ್’ ಖಾತೆಯಿಂದ ನೋಡಿ. ಎದುರಿಗಿರುವುದು ಪಾರ್ಟಿ ಒಂದೇ. ಹೆಸರಿನಲ್ಲಿ ಅನುಮಾನವಿಲ್ಲ, ಆದರೆ ಪಾರ್ಟಿ ಸಾಲಿನ 9,440 ಇಲ್ಲಿ ತೋರಿಸಿದರೆ ತಪ್ಪು. ಈ ಸಾಲಿನ ಪಾಲು 8,000 ಮಾತ್ರ. ಹಾಗಾಗಿ ಹೆಸರು ಹಾಕಿ, ಎದುರು ಮೊತ್ತ ಬಿಡಬೇಕು. ಗ್ನೂಕ್ಯಾಶ್ ಇಲ್ಲೂ ‘ಸ್ಪ್ಲಿಟ್ ಟ್ರಾನ್ಸಾಕ್ಷನ್’ ಅಂತಲೇ ಬರೆಯುತ್ತದೆ. ಇದು ಮಾತ್ರ ಸ್ವಲ್ಪ ಜಾಸ್ತಿ ಸಂಕೋಚ ಆಯಿತು. ಹೇಳಬಹುದಾದದ್ದನ್ನೂ ಹೇಳುತ್ತಿಲ್ಲ.

ಮೂರನೆಯದು ಎರಡೂ ಕಡೆ ಹಲವು. ಇಲ್ಲಿ ಯಾವ ಪ್ರೋಗ್ರಾಂ ಬರೆದರೂ ಸತ್ಯ ಸಿಗಲ್ಲ. ಮಾರ್ಚ್ 31ರ ಒಂದು ಎಂಟ್ರಿ ಹೀಗಿತ್ತು:

ಹೆಬ್ಬೂರು ಅಣ್ಣ, ಡೆಬಿಟ್ 15,000
ಡಿಸ್ಕೌಂಟ್, ಡೆಬಿಟ್ 1,200
ಹೆಬ್ಬೂರು ತಮ್ಮ, ಕ್ರೆಡಿಟ್ 15,400
ಗುಬ್ಬಿ ಪಾರ್ಟಿ, ಕ್ರೆಡಿಟ್ 800

ತಮ್ಮನ ಬಾಕಿಯನ್ನು ಅಣ್ಣ ತನ್ನ ಮೇಲೆ ಹಾಕಿಕೊಂಡಿದ್ದಾನೆ ಅಂತ ಊಹಿಸಬಹುದು. 1,200ರ ಡಿಸ್ಕೌಂಟ್‌ನಲ್ಲಿ ಯಾರ ಪಾಲು ಎಷ್ಟು? ತಮ್ಮನಿಗೆ 400, ಗುಬ್ಬಿಯವರಿಗೆ 800 ಇರಬಹುದು. ಇಲ್ಲವೇ ಡಿಸ್ಕೌಂಟ್ ಪೂರ್ತಿ ತಮ್ಮನಿಗೇ ಹೋಗಿ, ಗುಬ್ಬಿಯವರ 800ನ್ನೂ ಅಣ್ಣನೇ ಹೊತ್ತುಕೊಂಡಿರಬಹುದು. ಅಂಕಿ ಎರಡಕ್ಕೂ ಒಪ್ಪುತ್ತದೆ. ಮಾವನನ್ನು ಕೇಳಿದಾಗಲೇ ಮೊದಲನೆಯದು ನಿಜ ಅಂತ ಗೊತ್ತಾದದ್ದು. ಒಂದೇ ದಿನದ ಎರಡು ವ್ಯವಹಾರವನ್ನು ಕೆಲಸ ಬೇಗ ಮುಗಿಯಲಿ ಅಂತ ಒಂದೇ ಎಂಟ್ರಿಗೆ ತುಂಬಿದ್ದರು.

ಇದಕ್ಕೆ ಮದ್ದು ಪ್ರಿಂಟಿನಲ್ಲಿಲ್ಲ, ಎಂಟ್ರಿ ಹಾಕುವಲ್ಲಿದೆ. ಅಣ್ಣ 15,000 ಮತ್ತು ಡಿಸ್ಕೌಂಟ್ 400 ಡೆಬಿಟ್, ತಮ್ಮ 15,400 ಕ್ರೆಡಿಟ್, ಇದು ಒಂದು ಎಂಟ್ರಿ. ಡಿಸ್ಕೌಂಟ್ 800 ಡೆಬಿಟ್, ಗುಬ್ಬಿ 800 ಕ್ರೆಡಿಟ್, ಇದು ಇನ್ನೊಂದು. ಯಾವ ಖಾತೆಯ ಬಾಕಿಯೂ ಒಂದು ಪೈಸೆ ಬದಲಾಗಲಿಲ್ಲ, ಲೆಡ್ಜರ್ ಮಾತ್ರ ಮಾತಾಡೋಕೆ ಶುರುಮಾಡಿತು.

ಜಿಎಸ್‌ಟಿ ಎಂಟ್ರಿಯಲ್ಲಿ ಇದು ಬರೀ ಅನುಕೂಲದ ವಿಷಯವಲ್ಲ. ಔಟ್‌ಪುಟ್ ಅಂದರೆ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆ, ಇನ್‌ಪುಟ್ ಅಂದರೆ ಖರೀದಿಯಲ್ಲಿ ಆಗಲೇ ಕೊಟ್ಟ ತೆರಿಗೆಯ ಕ್ರೆಡಿಟ್. ತಿಂಗಳ ಕೊನೆಯಲ್ಲಿ ತೆರಿಗೆ ಹೊಂದಾಣಿಕೆಗೆ ಅಂಗಡಿಯಲ್ಲಿ ಹಾಕುತ್ತಿದ್ದದ್ದು ಈ ಥರದ ಒಂದೇ ಎಂಟ್ರಿ: ಔಟ್‌ಪುಟ್ ಸಿಜಿಎಸ್‌ಟಿ 18,450 ಮತ್ತು ಔಟ್‌ಪುಟ್ ಎಸ್‌ಜಿಎಸ್‌ಟಿ 18,450 ಡೆಬಿಟ್. ಇನ್‌ಪುಟ್ ಸಿಜಿಎಸ್‌ಟಿ 11,200, ಇನ್‌ಪುಟ್ ಎಸ್‌ಜಿಎಸ್‌ಟಿ 11,200, ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್ (ಜಿಎಸ್‌ಟಿ ಪೋರ್ಟಲ್‌ನಲ್ಲಿ ದುಡ್ಡು ತುಂಬಿಡುವ ಖಾತೆ) 14,500 ಕ್ರೆಡಿಟ್. ಎರಡೂ ಕಡೆ 36,900, ಸರಿಯಾಗಿದೆ. ಆದರೆ ಔಟ್‌ಪುಟ್ ಸಿಜಿಎಸ್‌ಟಿ ಖಾತೆಯನ್ನು ಬಿಚ್ಚಿ ತೋರಿಸಿದರೆ ಎದುರಿನ ಪಟ್ಟಿಯಲ್ಲಿ ಇನ್‌ಪುಟ್ ಎಸ್‌ಜಿಎಸ್‌ಟಿಯೂ ನಿಲ್ಲುತ್ತದೆ. ಕಾನೂನು ಅದನ್ನು ಒಪ್ಪುವುದೇ ಇಲ್ಲ. ಎಸ್‌ಜಿಎಸ್‌ಟಿ ಕ್ರೆಡಿಟ್ಟಿನಿಂದ ಸಿಜಿಎಸ್‌ಟಿ ಕಟ್ಟುವ ಹಾಗಿಲ್ಲ, ಸಿಜಿಎಸ್‌ಟಿ ಕ್ರೆಡಿಟ್ಟಿನಿಂದ ಎಸ್‌ಜಿಎಸ್‌ಟಿಯನ್ನೂ ಕಟ್ಟುವ ಹಾಗಿಲ್ಲ. ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ನಡೆಯುವ ವ್ಯಾಪಾರದ ಜಿಎಸ್‌ಟಿ) ಕ್ರೆಡಿಟ್ ಇದ್ದರೆ ಅದನ್ನು ಮೊದಲು ಖಾಲಿ ಮಾಡಬೇಕು, ಅದು ಎರಡೂ ಕಡೆಗೆ ಹೋಗುತ್ತದೆ. ನಿಜವಾಗಿ ಕಟ್ಟಿದ್ದು ಸರಿಯಾಗೇ ಇದ್ದರೂ ಲೆಡ್ಜರ್ ನೋಡಿದ ಆಡಿಟರ್ ಹುಬ್ಬೇರಿಸುತ್ತಾರೆ. ಈಗ ಸಿಜಿಎಸ್‌ಟಿಗೆ ಒಂದು ಎಂಟ್ರಿ, ಎಸ್‌ಜಿಎಸ್‌ಟಿಗೆ ಒಂದು. ಒಂದೊಂದರಲ್ಲೂ 18,450 ಡೆಬಿಟ್, ಎದುರಿಗೆ ಇನ್‌ಪುಟ್ 11,200 ಮತ್ತು ಕ್ಯಾಶ್ ಲೆಡ್ಜರ್ 7,250. ಖಾತೆ ತೆರೆದರೆ ತೆರಿಗೆ ಹೇಗೆ ತೀರಿತು ಅನ್ನುವುದು ಎರಡೇ ಸಾಲಿನಲ್ಲಿ ಕಾಣುತ್ತದೆ.

ಹಳೆಯ ಎಂಟ್ರಿಗಳಲ್ಲಿ ಎಲ್ಲವನ್ನೂ ಹೀಗೆ ಒಡೆಯೋಕೆ ಹೋಗಲಿಲ್ಲ. ರಿಟರ್ನ್ ಸಲ್ಲಿಸಿ ಆಡಿಟ್ ಮುಗಿದ ವರ್ಷಕ್ಕೆ ಕೈ ಹಾಕಬಾರದು. ಅಂಥವಕ್ಕೆ ಪ್ರಿಂಟಿನಲ್ಲಿ ‘ಜರ್ನಲ್ ನಂ. 112 ನೋಡಿ’ ಅಂತ ಬರುತ್ತದೆ, ಕೆಳಗೆ ನೋಟ್ಸ್. ಹಳೇ ಫೋಲಿಯೊ ಕಾಲಂ ವಾಪಸ್ ಬಂತು ಅನ್ನಿ. ಇದಕ್ಕೆ ಎಂಟ್ರಿ ನಂಬರ್ ತುಂಬಿರಬೇಕು. ಗ್ನೂಕ್ಯಾಶ್ ಆ ಜಾಗ ಖಾಲಿ ಬಿಟ್ಟರೂ ಸುಮ್ಮನಿರುತ್ತದೆ. ಹಾಗಾಗಿ ನಂಬರ್ ಇಲ್ಲದ ಜರ್ನಲ್ ಕಂಡರೆ ನಮ್ಮ ಪ್ರೋಗ್ರಾಂ ಪ್ರಿಂಟ್ ಕೊಡದೆ ನಿಲ್ಲುತ್ತದೆ. ಕಟ್ಟುನಿಟ್ಟು ಜಾಸ್ತಿ ಆಯ್ತು ಅಂತ ಮಾವ ಗೊಣಗಿದರು. ನಾನು ಬಿಟ್ಟುಕೊಡಲಿಲ್ಲ.

ಬಿಚ್ಚಿ ತೋರಿಸುವುದರಲ್ಲಿ ಇನ್ನೊಂದು ಅಪಾಯ ಇದೆ. ತಮ್ಮನ ಪ್ರಿಂಟಿನಲ್ಲಿ ಅಣ್ಣನ ಹೆಸರು ಬಂದರೆ ಪರವಾಗಿಲ್ಲ, ಅವರೇ ಮಾತಾಡಿಕೊಂಡದ್ದು. ಆದರೆ ಜಂಟಿ ಎಂಟ್ರಿಯನ್ನು ಇದ್ದ ಹಾಗೇ ಬಿಚ್ಚಿದರೆ ಗುಬ್ಬಿಯವರ ಕಾಗದದಲ್ಲಿ ಹೆಬ್ಬೂರಿನವರ ಸಾಲ ಕಾಣುತ್ತದೆ! ಊರ ಮೇಲಿನ ಉದ್ರಿ ವ್ಯಾಪಾರದಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಅದಕ್ಕೆ ಎರಡು ಪ್ರತಿ ಮಾಡಿದೆ. ಅಂಗಡಿ ಪ್ರತಿಯಲ್ಲಿ ಎಲ್ಲಾ ಹೆಸರೂ ಇರುತ್ತದೆ. ಪಾರ್ಟಿ ಪ್ರತಿಯಲ್ಲಿ ಎದುರು ಖಾತೆ ಇನ್ನೊಬ್ಬ ಗಿರಾಕಿಯದಾಗಿದ್ದರೆ ‘ಬೇರೆ ಖಾತೆಗೆ ವರ್ಗ’ ಅಂತ ಮಾತ್ರ. ಖಾತೆ ‘ಗಿರಾಕಿಗಳು’ ಅನ್ನುವ ತಾಯಿ ಖಾತೆಯ ಕೆಳಗೆ ಇದೆಯೇ ಅಂತ ನೋಡಿ ಪ್ರೋಗ್ರಾಂ ಇದನ್ನು ತೀರ್ಮಾನಿಸುತ್ತದೆ.

ಚಿಕ್ಕಪುಟ್ಟ ಮೊಳೆಗಳು

ಒಂದೇ ಎಂಟ್ರಿಯಲ್ಲಿ ಒಂದೇ ಪಾರ್ಟಿ ಎರಡು ಸಲ ಬರಬಹುದು. ಒಂದು ಬಿಲ್ಲಿಗೆ ಬಂದ ಹೆಚ್ಚುವರಿ ಹಣವನ್ನು ಇನ್ನೊಂದು ಬಿಲ್ಲಿಗೆ ತಿರುಗಿಸಿದಾಗ ಹೀಗಾಗುತ್ತದೆ. ‘ಎದುರು ಸಾಲು ಅಂದರೆ ಬೇರೆ ಖಾತೆಯ ಸಾಲು’ ಅಂತ ಬರೆದಿದ್ದರೆ ಇಲ್ಲಿ ಎದುರಿಗೆ ಯಾರೂ ಇರಲ್ಲ. ಸಾಲಿನ ಗುರುತು ಹಿಡಿದು, ಚಿಹ್ನೆ ಉಲ್ಟಾ ಇರುವ ಸಾಲುಗಳನ್ನು ತೆಗೆದುಕೊಳ್ಳಬೇಕು, ಖಾತೆ ಯಾವುದೇ ಇರಲಿ.

ಒಂದೇ ದಿನ ಹಲವು ಎಂಟ್ರಿ ಇದ್ದಾಗ ಕ್ರಮ ಮುಖ್ಯ. ದಿನಾಂಕ, ಆಮೇಲೆ ಎಂಟ್ರಿ ನಂಬರ್, ಆಮೇಲೆ ಎಂಟ್ರಿ ಹಾಕಿದ ಸಮಯ, ಗ್ನೂಕ್ಯಾಶ್ ಜೋಡಿಸುವುದೂ ಹೀಗೆಯೇ. ಇದನ್ನು ಬಿಟ್ಟು ಬೇರೆ ಕ್ರಮ ಹಿಡಿದರೆ ದಿನದ ಕೊನೆಯ ಬಾಕಿ ಸರಿ ಬರುತ್ತದೆ, ನಡುವಿನ ಸಾಲುಗಳ ಬಾಕಿ ಸ್ಕ್ರೀನಿಗೂ ಕಾಗದಕ್ಕೂ ತಾಳೆಯಾಗಲ್ಲ.

ಕಾಲಂ ತಲೆಬರಹ: ಗ್ನೂಕ್ಯಾಶ್ ಖಾತೆಯ ಜಾತಿ ನೋಡಿ ಒಂದೊಂದಕ್ಕೆ ಒಂದೊಂದು ಹೆಸರು ಕೊಡುತ್ತದೆ. ‘ಫಾರ್ಮಲ್ ಅಕೌಂಟಿಂಗ್ ಲೇಬಲ್ಸ್’ ಆನ್ ಮಾಡಿದರೆ ಎಲ್ಲಾ ಕಡೆ ಡೆಬಿಟ್, ಕ್ರೆಡಿಟ್. ಅಂಗಡಿ ಪ್ರತಿಗೆ ಅದೇ ಇಟ್ಟೆ. ಪಾರ್ಟಿ ಪ್ರತಿಗೆ ‘ಸಾಮಾನು ಕೊಟ್ಟಿದ್ದು’, ‘ಜಮಾ ಆಗಿದ್ದು’, ‘ನೀವು ಕೊಡಬೇಕಾದ್ದು’.

ಅಂಕಿಗೆ ಅಲ್ಪವಿರಾಮ ಹಾಕು ಅಂದರೆ ಪೈಥಾನ್ 125,000 ಅಂತ ಬರೆಯುತ್ತದೆ. ನಮಗೆ 1,25,000 ಬೇಕು. ಕೊನೆಯ ಮೂರು ಅಂಕಿ ಬಿಟ್ಟು, ಉಳಿದದ್ದನ್ನು ಎರಡೆರಡಾಗಿ ಕತ್ತರಿಸುವ ನಾಲ್ಕು ಸಾಲು ನಾನೇ ಬರೆದುಕೊಂಡೆ.

ಪಿಡಿಎಫ್ ಮಾಡೋಕೆ ಪೈಥಾನ್‌ನ ರಿಪೋರ್ಟ್‌ಲ್ಯಾಬ್ ಲೈಬ್ರರಿಯನ್ನು ನೆಚ್ಚಿಕೊಳ್ಳಬೇಡಿ. ಬೇರೆ ಏರ್ಪಾಡು ಮಾಡದಿದ್ದರೆ ಅದು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುತ್ತದೆ, ‘ಹೆಬ್ಬೂರು’ ಒತ್ತಕ್ಷರ ಕಳಚಿಕೊಂಡು ಬೀಳುತ್ತದೆ. ಎಚ್‌ಟಿಎಂಎಲ್ ಪುಟ ಮಾಡಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟು, ಬ್ರೌಸರ್‌ನಿಂದ ಪ್ರಿಂಟ್ ಕೊಟ್ಟರೆ ಎಲ್ಲಾ ಸರಿ. ಸಿಎಸ್‌ಎಸ್‌ನಲ್ಲಿ ಒಂದು ಎಂಟ್ರಿ ಎರಡು ಪುಟಕ್ಕೆ ಹರಿಯದ ಹಾಗೆ ತಡೆ ಹಾಕಬೇಕು. ಇಲ್ಲದಿದ್ದರೆ 9,440 ಒಂದು ಪುಟದಲ್ಲಿ, ಅದರ ವಿವರ ಮುಂದಿನ ಪುಟದಲ್ಲಿ.

ತಾಳೆ

ಪ್ರಿಂಟ್ ಹೊರಬರುವ ಮೊದಲು ಪ್ರೋಗ್ರಾಂ ಮೂರು ತಾಳೆ ನೋಡುತ್ತದೆ. ಪುಸ್ತಕದ ಎಲ್ಲಾ ಸಾಲೂ ಕೂಡಿದರೆ ಸೊನ್ನೆ ಬರಬೇಕು. ಪ್ರತಿ ಖಾತೆಯ ಕೊನೆಯ ಬಾಕಿ, ಆರಂಭದ ಬಾಕಿಗೆ ತೋರಿಸಿದ ಸಾಲುಗಳನ್ನು ಕೂಡಿದಷ್ಟೇ ಇರಬೇಕು. ಎದುರು ಮೊತ್ತ ತೋರಿಸಿದ ಕಡೆಯೆಲ್ಲಾ ಅವುಗಳ ಮೊತ್ತ ಆ ಸಾಲಿನ ಮೊತ್ತಕ್ಕೆ ಸಮ ಇರಬೇಕು. ಮೂರನೆಯದನ್ನು ಬಿಡಬೇಡಿ. ಮೊದಲೆರಡು ಸರಿ ಇದ್ದೂ ಬಿಚ್ಚಿ ತೋರಿಸಿದ್ದು ತಪ್ಪಿರಲು ಸಾಧ್ಯ.

ಬಿಲ್ಲಿನ ತೆರಿಗೆಯ ಸಾಲನ್ನೂ ಬಿಚ್ಚಿದರೆ ಈಗ ಆ ಪಾರ್ಟಿಯ ಪ್ರಿಂಟ್ ಹೀಗೆ ಬರುತ್ತದೆ:

03-02-2025, ಬಿಲ್: 35,400, ಬಾಕಿ 35,400
  ಪೈಪ್ ಮಾರಾಟ 30,000, ಸಿಜಿಎಸ್‌ಟಿ 2,700, ಎಸ್‌ಜಿಎಸ್‌ಟಿ 2,700
11-02-2025, ಜರ್ನಲ್: ಜಮಾ 9,440, ಬಾಕಿ 25,960
  ಉಳಿದ ಪೈಪ್ ವಾಪಸ್
  ಮಾರಾಟ ವಾಪಸ್ 8,000, ಸಿಜಿಎಸ್‌ಟಿ 720, ಎಸ್‌ಜಿಎಸ್‌ಟಿ 720
20-02-2025, ಬ್ಯಾಂಕ್: ಜಮಾ 15,000, ಬಾಕಿ 10,960

ಸಾಮಾನ್ಯ ಬಿಲ್ಲಿಗೆ ತೆರಿಗೆಯ ಸಾಲು ಬೇಕೇ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಬಿಲ್ ಕೈಯಲ್ಲೇ ಇರುತ್ತದೆ, ಮತ್ತೆ ಯಾಕೆ ಕಾಗದ ಖರ್ಚು ಅಂತ ಮಾವ. ಜರ್ನಲ್‌ಗೆ ಮಾತ್ರ ಬಿಚ್ಚಿ, ಬಿಲ್ಲಿಗೆ ನಂಬರ್ ಹಾಕಿ ಬಿಟ್ಟರೆ ಪ್ರಿಂಟ್ ಗಿಡ್ಡವಾಗುತ್ತದೆ ಅನ್ನುವುದು ನಿಜ. ಸದ್ಯಕ್ಕೆ ಅದನ್ನು ಒಂದು ಸ್ವಿಚ್ ಮಾಡಿ ಬಿಟ್ಟಿದ್ದೇನೆ, ಪಾರ್ಟಿ ಪ್ರತಿಯಲ್ಲಿ ಆಫ್, ಅಂಗಡಿ ಪ್ರತಿಯಲ್ಲಿ ಆನ್. ಮೊಬೈಲ್‌ನಲ್ಲಿ ನೋಡುವವರಿಗೆ ಆರು ಕಾಲಂ ಅಗಲ ಜಾಸ್ತಿ. ವಾಟ್ಸಾಪ್‌ಗೆ ಕಳಿಸುವ ಪ್ರತಿಗೆ ಮೇಲೆ ತೋರಿಸಿದ ಹಾಗೆ ಕಾಲಂ ಇಲ್ಲದ ಪಟ್ಟಿಯನ್ನೇ ಕೊಡುತ್ತಿದ್ದೇನೆ, ಎ4 ಕಾಗದಕ್ಕೆ ಮಾತ್ರ ಕಾಲಂ.